ಮಾಡು ನಮ್ಮದು, ಸೋಲಾರ್ ಅವರದು



“ಮಾಡು ಕೊಡಿ ಸಾಕು, ಸೋಲಾರ್ ಹಾಕುವ ಖರ್ಚೆಲ್ಲ ನಮ್ದು” ಅಂತ ಒಂದು ಕಂಪೆನಿ ನಮ್ಮ ಮಹಾಸಂಘಕ್ಕೆ ಬಂದರೆ ಏನು ಮಾಡೋಣ?

ಇದು ಮೋಸವಲ್ಲ. ಪ್ಯಾನೆಲ್ ಕಂಪೆನಿಯದ್ದು, ರಿಪೇರಿಯೂ ಅವರದ್ದೇ. ಅದರಿಂದ ಬರುವ ಕರೆಂಟಿಗೆ ಯೂನಿಟ್ ಲೆಕ್ಕದಲ್ಲಿ ನಾವು ಹಣ ಕೊಡಬೇಕು. ಇದೇ ವಿದ್ಯುತ್ ಖರೀದಿ ಒಪ್ಪಂದ. ದಿಲ್ಲಿ ಮೆಟ್ರೋ 2014ರಲ್ಲಿ ದ್ವಾರಕಾ ಸೆಕ್ಟರ್ 21 ನಿಲ್ದಾಣದ ಮೇಲೆ 500 ಕಿಲೋವ್ಯಾಟ್ ಘಟಕವನ್ನು ಹೀಗೆಯೇ ಹಾಕಿಸಿತು.

ಆದರೆ ಒಪ್ಪಂದ ಸಾಮಾನ್ಯವಾಗಿ 15ರಿಂದ 25 ವರ್ಷದ್ದು. ಒಂದು ಲೆಕ್ಕ ನೋಡಿ: ಈಗ ಬಿಲ್ಲಿನಲ್ಲಿ ಯೂನಿಟ್‌ಗೆ 8 ರೂ., ಕಂಪೆನಿ ಕೇಳುವುದು 5 ರೂ. ಅಂತಿಟ್ಟುಕೊಳ್ಳಿ. ವರ್ಷಕ್ಕೆ ಶೇ. 5 ಏರಿಕೆ ಅಂತ ಬರೆದಿದ್ದರೆ, 11ನೇ ವರ್ಷಕ್ಕೆ ಅದೂ 8 ರೂ. ದಾಟುತ್ತದೆ!

ಸಹಿಗೆ ಮುಂಚೆ ಕೇಳಿ:
1. ದರ ಪ್ರತಿ ವರ್ಷ ಏರುತ್ತದೆಯೇ?
2. ಕರೆಂಟ್ ಬಳಸದಿದ್ದರೂ ಹಣ ಕೊಡಬೇಕೇ?
3. ಮಾಡು ಸೋರಿದರೆ ಯಾರು ಹೊಣೆ?
4. ನಡುವೆ ಬಿಟ್ಟರೆ ಎಷ್ಟು ಕಟ್ಟಬೇಕು?
5. ಅವಧಿ ಮುಗಿದ ಮೇಲೆ ಪ್ಯಾನೆಲ್ ಯಾರಿಗೆ?

ಉತ್ತರ ಬಾಯಿಮಾತಲ್ಲಿ ಬೇಡ, ಒಪ್ಪಂದದಲ್ಲೇ ಇರಲಿ. ರಾತ್ರಿಯ ಕರೆಂಟಿಗೆ ಹಳೇ ಬಿಲ್ಲು ಬರುತ್ತಲೇ ಇರುತ್ತದೆ, ಮರೀಬೇಡಿ.

ಚರ್ಚೆಗೆ: ಮುಂದಿನ ಸಭೆಗೆ ಕಳೆದ 12 ತಿಂಗಳ ಕರೆಂಟ್ ಬಿಲ್ ತನ್ನಿ. ಹಗಲಿನ ಬಳಕೆ ಎಷ್ಟಿರಬಹುದು? ಎಲ್ಲರೂ ಸೇರಿ ಅಂದಾಜು ಮಾಡಿ.