ಮಕ್ಕಳ ಗ್ರಂಥಿಜ್ವರ: ಗಂಟಲಿನ ಜೊತೆಗೆ ಕಣ್ಣನ್ನೂ ನೋಡಿ



ಮಳೆಗಾಲದಲ್ಲಿ ನಾಗಪುರದ ಮಗುವಿಗೆ ಜ್ವರ ಬಂದರೆ ನಮಗೆ ಮೊದಲು ನೆನಪಾಗುವುದು ಡೆಂಗ್ಯೂ, ಮಲೇರಿಯಾ. ಆ ಎಚ್ಚರ ಸರಿಯೇ. ಆದರೆ ವರ್ಷದ ಯಾವ ಕಾಲದಲ್ಲೂ ಬರಬಹುದಾದ ಗ್ರಂಥಿಜ್ವರದ ಪರಿಚಯವೂ ನಮಗಿರಬೇಕು. 1964ರಲ್ಲಿ ಪತ್ತೆಯಾದ ಎಪ್‌ಸ್ಟೀನ್-ಬಾರ್ ವೈರಸ್ ಇದಕ್ಕೆ ಮುಖ್ಯ ಕಾರಣ. ಇದು ಎಂಜಲಿನಿಂದ ಹರಡುತ್ತದೆ. ಸೋಂಕು ತಗುಲಿ ಸುಮಾರು 4ರಿಂದ 6 ವಾರಗಳ ನಂತರ ಕಾಯಿಲೆ ಕಾಣಿಸುತ್ತದೆ. ಪುಟ್ಟ ಮಕ್ಕಳಲ್ಲಿ ಹೆಚ್ಚಾಗಿ ನೆಗಡಿಯಂತೆ ಬಂದು ಹೋಗುತ್ತದೆ. ಹದಿಹರೆಯದವರನ್ನು ಹೆಚ್ಚು ಕಾಡುತ್ತದೆ.

ಜ್ವರ, ಗಂಟಲುನೋವು ಎಲ್ಲರ ಗಮನಕ್ಕೂ ಬರುತ್ತವೆ. ಕಣ್ತಪ್ಪುವ ಲಕ್ಷಣಗಳು ಇವು:

1. ಬೆಳಿಗ್ಗೆ ಎದ್ದಾಗ ಕಣ್ಣಿನ ಮೇಲ್ರೆಪ್ಪೆಗಳು ಊದಿರುವುದು. ನಿದ್ದೆ ಸಾಲದೆಂದು ಸುಮ್ಮನಾಗುತ್ತೇವೆ. ಮೂತ್ರಪಿಂಡದ ತೊಂದರೆಯಲ್ಲೂ ಹೀಗಾಗುವುದರಿಂದ ವೈದ್ಯರಿಗೆ ತೋರಿಸಲೇಬೇಕು.

2. ಕತ್ತಿನ ಹಿಂಬದಿಯಲ್ಲಿ ಎರಡೂ ಕಡೆ ಗಂಟುಗಳು. ತಲೆ ಬಾಚುವಾಗ ಬೆರಳಿಗೆ ಸಿಗುತ್ತವೆ.

3. ಹಿಂದೆಂದೂ ಇಲ್ಲದ ಗೊರಕೆ, ಬಾಯಿಯಿಂದ ಉಸಿರಾಟ. ಟಾನ್ಸಿಲ್ ಊದಿರುವುದರ ಗುರುತು.

4. ಅಂಗುಳಿನಲ್ಲಿ ಸಣ್ಣ ಕೆಂಪು ಚುಕ್ಕೆಗಳು.

5. ಆಟದ ಮೇಲೆ ಆಸೆಯಿಲ್ಲದಷ್ಟು ಸುಸ್ತು, ಊಟ ಸೇರದಿರುವುದು. ಗುಲ್ಮ ದೊಡ್ಡದಾದರೆ ಹೊಟ್ಟೆಯ ಎಡ ಮೇಲ್ಭಾಗದಲ್ಲಿ ಭಾರ.

ಮನೆಯಲ್ಲಿ ಉಳಿದ ಆಂಟಿಬಯೋಟಿಕ್ ಕೊಡಬೇಡಿ. ವೈರಸ್ಸಿನ ಮೇಲೆ ಅದು ಕೆಲಸ ಮಾಡದು; ಅಮಾಕ್ಸಿಸಿಲಿನ್ ಕೊಟ್ಟರೆ ಮೈತುಂಬ ದದ್ದು ಏಳಬಹುದು. ಆಸ್ಪಿರಿನ್ ಬೇಡವೇ ಬೇಡ. ವಿಶ್ರಾಂತಿ, ಧಾರಾಳ ನೀರು, ವೈದ್ಯರು ಹೇಳಿದಷ್ಟು ಪ್ಯಾರಾಸಿಟಮಾಲ್ ಸಾಕು. ಗುಲ್ಮಕ್ಕೆ ಪೆಟ್ಟಾದರೆ ಒಡೆಯುವ ಅಪಾಯವಿರುವುದರಿಂದ ಕನಿಷ್ಠ 3-4 ವಾರ, ವೈದ್ಯರು ಒಪ್ಪುವವರೆಗೆ, ಕಬಡ್ಡಿ, ಫುಟ್‌ಬಾಲ್ ಬೇಡ. ನೀರಿನ ಬಾಟಲಿ, ಚಮಚ ಬೇರೆಯಿರಲಿ. ಹಿರಿಯರ ಎಂಜಲಿನ ನಿಯಮ ಇಲ್ಲಿ ಸರಿಯಾಗಿಯೇ ಇದೆ.

ಉಸಿರಾಟಕ್ಕೆ ಅಥವಾ ನುಂಗಲು ಕಷ್ಟವಾದರೆ, ಹೊಟ್ಟೆಯ ಎಡಭಾಗದಲ್ಲಿ ತಟ್ಟನೆ ತೀವ್ರ ನೋವು ಬಂದರೆ ತಡಮಾಡದೆ ಮೆಡಿಕಲ್, ಮೇಯೋ ಅಥವಾ ಹತ್ತಿರದ ಯಾವುದೇ ಆಸ್ಪತ್ರೆಗೆ ಒಯ್ಯಿರಿ. ಕಣ್ಣು ಹಳದಿಯಾದರೆ ಅಂದೇ ವೈದ್ಯರಿಗೆ ತೋರಿಸಿ. ವಾರಗಳಾದರೂ ಗಂಟು ಕರಗದಿದ್ದರೆ, ಮಗು ಬಿಳಿಚಿಕೊಂಡರೆ, ಪೆಟ್ಟಿಲ್ಲದೆ ಮೈ ನೀಲಿಗಟ್ಟಿದರೆ ಕ್ಷಯ, ರಕ್ತದ ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಈ ಜ್ವರ ಬಹುತೇಕ ಮಕ್ಕಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಆದರೆ ಇದು ಅದೇ ಜ್ವರವೆಂದು ತಿಳಿಯಲು ರಕ್ತಪರೀಕ್ಷೆ ಬೇಕಾಗಬಹುದು. ತೀರಾ ಚಿಕ್ಕ ಮಕ್ಕಳಲ್ಲಿ ತ್ವರಿತ ಪರೀಕ್ಷೆ ಎಷ್ಟೋ ಸಲ ಇಲ್ಲವೆಂದೇ ತೋರಿಸುವುದರಿಂದ ಇನ್ನೊಂದು ಪರೀಕ್ಷೆಯನ್ನೂ ಬರೆದುಕೊಡಬಹುದು. ದಿನಗೂಲಿಯ ಮನೆಗಳಲ್ಲಿ "ನಾಳೆ ನೋಡೋಣ" ಎಂದು ಮುಂದೂಡುವುದು ಇದನ್ನೇ.

ದಾನಿಗಳೇ, ವೈದ್ಯಕೀಯ ನೆರವು ನಿಧಿಯೆಂದರೆ ದೊಡ್ಡ ಆಪರೇಷನ್ನಿಗೆ ಮಾತ್ರವೆಂದು ತಿಳಿಯಬೇಡಿ. ಸಕಾಲದಲ್ಲಿ ಆಗುವ ಒಂದು ಸಣ್ಣ ಪರೀಕ್ಷೆಗೂ ನಿಮ್ಮ ಹಣ ಸಲ್ಲಲಿ. ಸದಸ್ಯರೇ, ಊರಿಂದ ಹೊಸದಾಗಿ ಬಂದ ತಾಯಿಗೆ ಮಗುವಿನ ತೊಂದರೆಯನ್ನು ಮರಾಠಿಯಲ್ಲೋ ಹಿಂದಿಯಲ್ಲೋ ಹೇಳಲು ಬಾರದಿದ್ದರೆ, ನೀವು ಜೊತೆಗೆ ಹೋಗಿ ನಿಂತರೂ ಅದು ನೆರವೇ.