ಪುರುಷರಲ್ಲಿ ಹಾರ್ಮೋನು ಬಂಧಕ ಪ್ರೋಟೀನಿನ ಕೊರತೆ

ಹುಬ್ಬಳ್ಳಿಯ ಬೆಂಗೇರಿ ಸಂತೆಗೆ ಜೋಳ ಮಾರಲು ಬಂದ ನಲವತ್ತರ ರೈತನೊಬ್ಬನನ್ನು ಊಹಿಸಿಕೊಳ್ಳಿರಿ. ಹೊಟ್ಟೆಗೆ ಬೊಜ್ಜು ಬಂದಿದೆ, ಮೈಯಲ್ಲಿ ಕಸುವಿಲ್ಲ. ರಕ್ತ ಪರೀಕ್ಷೆಯಲ್ಲಿ ಪುರುಷ ಹಾರ್ಮೋನಾದ ಟೆಸ್ಟೋಸ್ಟಿರೋನ್ ಕಡಿಮೆಯೆಂದು ಬರುತ್ತದೆ. ನಾಚಿಕೆಯಿಂದ ಯಾರ ಮುಂದೆಯೂ ಹೇಳದೆ ಆತನು ಪುಡಿ, ಇಂಜೆಕ್ಷನ್ನುಗಳ ಬೆನ್ನು ಹತ್ತುತ್ತಾನೆ. ಆದರೆ ಇಂಥವರಲ್ಲಿ ಅನೇಕ ವೇಳೆ ಮೊದಲು ಕಡಿಮೆಯಾಗಿರುವುದು ಹಾರ್ಮೋನಲ್ಲ. ರಕ್ತದಲ್ಲಿ ಅದನ್ನು ಹಿಡಿದಿಡುವ ಎಸ್.ಎಚ್.ಬಿ.ಜಿ. ಎಂಬ ಪ್ರೋಟೀನು.

ರೈತರಿಗೆ ಇದು ತಿಳಿಯದ ಸಂಗತಿಯಲ್ಲ. ಎರೆ ಭೂಮಿಯ ಜಿಗುಟು ಮಣ್ಣು ಪೊಟ್ಯಾಷನ್ನು ಹೆಚ್ಚು ಹಿಡಿದಿಡುತ್ತದೆ, ಮರಳು ಭೂಮಿ ಕಡಿಮೆ. ಬೆಳೆಗೆ ದೊರೆಯುವುದು ಮಾತ್ರ ಒಟ್ಟು ಪೊಟ್ಯಾಷಿನ ಅಲ್ಪ ಭಾಗ. ಹಾಗೆಯೇ ಟೆಸ್ಟೋಸ್ಟಿರೋನಿನ ಬಹುಭಾಗ ಪ್ರೋಟೀನುಗಳಿಗೆ ಅಂಟಿಕೊಂಡಿದ್ದು, ಸ್ವತಂತ್ರವಾಗಿ ಇರುವುದು ಶೇಕಡಾ 2ರಷ್ಟು ಮಾತ್ರ. ಹಿಡಿದಿಡುವ ಪ್ರೋಟೀನು ಇಳಿದರೆ ಒಟ್ಟು ಪ್ರಮಾಣ ಇಳಿಯುತ್ತದೆ. ಸ್ವತಂತ್ರ ಭಾಗ ಸರಿಯಾಗಿಯೇ ಇರಬಹುದು. ಆದ್ದರಿಂದ ಎರಡನ್ನೂ ಕೂಡಿಯೇ ನೋಡಬೇಕು.

ಈ ಪ್ರೋಟೀನು ತಯಾರಾಗುವುದು ಯಕೃತ್ತಿನಲ್ಲಿ. ಸಕ್ಕರೆ ಹೆಚ್ಚಾದಾಗ ಯಕೃತ್ತು ಅದನ್ನು ಕೊಬ್ಬಾಗಿ ಮಾರ್ಪಡಿಸುತ್ತದೆ. ಕೆನಡಾದ ವ್ಯಾಂಕೂವರಿನ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹೀಗೆ ಕೊಬ್ಬು ತಯಾರಾಗುವಾಗ ಈ ಪ್ರೋಟೀನಿನ ಉತ್ಪಾದನೆ ಕುಗ್ಗುವುದು ಯಕೃತ್ತಿನ ಜೀವಕೋಶಗಳಲ್ಲಿಯೂ ಇಲಿಗಳಲ್ಲಿಯೂ ಕಂಡುಬಂದಿತು. ಇದರ ಇಳಿಕೆಯು ಸಕ್ಕರೆ ಕಾಯಿಲೆಯ ಮುನ್ಸೂಚನೆಯೂ ಆಗಿರಬಹುದು. ಗಂಟಲಿನ ಥೈರಾಯ್ಡ್ ಗ್ರಂಥಿ ಮಂದವಾದರೂ ಇದು ಇಳಿಯುತ್ತದೆ.

ದಿನಕ್ಕೆ ಎಂಟು ಕಪ್ಪು ಚಹಾ, ಕಪ್ಪಿಗೆ ಎರಡು ಚಮಚೆ ಸಕ್ಕರೆ ಎಂದರೆ ಸುಮಾರು 65 ಗ್ರಾಂ. ತಿಂಗಳಿಗೆ ಹತ್ತಿರ ಹತ್ತಿರ 2 ಕಿಲೋ! ಸಂತೆಯ ದಿನ ಇದರ ಮೇಲೆ ತಂಪು ಪಾನೀಯ, ಜಿಲೇಬಿ. ಮೊದಲು ಕಡಿಮೆ ಮಾಡಬೇಕಾದುದು ಇದನ್ನು. ಬೆಲ್ಲ ಹಾಕಿದರೆ ದೋಷವಿಲ್ಲವೆಂಬ ನಂಬಿಕೆಯೂ ಸರಿಯಲ್ಲ.

ಹಿಂಗಾರಿ ಜೋಳ, ಹುರುಳಿ, ಮಡಿಕೆಕಾಳುಗಳನ್ನೆಲ್ಲ ಮಾರಿ ಮನೆಗೆ ಮೈದಾ, ಬಿಸ್ಕೀಟು ಒಯ್ಯುವುದು ಯಾವ ಲೆಕ್ಕದಲ್ಲಿಯೂ ಲಾಭವಲ್ಲ. ವರ್ಷಕ್ಕೆ ಬೇಕಾಗುವಷ್ಟು ಕಾಳನ್ನು ಮನೆಗೆ ತೆಗೆದಿಡಬೇಕು. ಜೋಳದ ರೊಟ್ಟಿಯ ಜೊತೆಗೆ ಕಾಳುಪಲ್ಯ, ಪುಂಡಿ ಪಲ್ಯ, ಹಸಿ ಮೆಂತೆ ಹೆಚ್ಚು ಇರಲಿ. ಜೋಳವೆಂದು ಐದಾರು ರೊಟ್ಟಿ ಹೊಡೆದರೆ ತೂಕ ಇಳಿಯದು. ಟ್ರ್ಯಾಕ್ಟರು ಬಂದ ಮೇಲೆ ಎತ್ತಿನ ಹಿಂದೆ ನಡೆಯುವ ನಡಿಗೆ ತಪ್ಪಿದೆ. ಹೊಲಕ್ಕೆ ಬೈಕು ಬಿಟ್ಟು ನಡೆದೇ ಹೋಗಬಹುದು. ಬೊಜ್ಜು ಇಳಿದಂತೆ ಈ ಪ್ರೋಟೀನು ತಾನಾಗಿಯೇ ಏರುತ್ತದೆ. ಇದಕ್ಕೆ ಪ್ರತ್ಯೇಕ ಟಾನಿಕ್ಕು ಬೇಕಿಲ್ಲ. ಸಕ್ಕರೆ ಕಾಯಿಲೆಗೆ ಈಗಾಗಲೇ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ವೈದ್ಯರನ್ನು ಕೇಳದೆ ಊಟ ಇಳಿಸಬಾರದು.

ಪ್ರೋಟೀನು ಹೆಚ್ಚಿದಷ್ಟೂ ಒಳ್ಳೆಯದೆಂದೂ ತಿಳಿಯಬಾರದು. ಯಕೃತ್ತು ಗಡುಸಾದ ಕುಡುಕರಲ್ಲಿ ಇದು ಏರಿರುತ್ತದೆ, ಅದು ಆರೋಗ್ಯವಲ್ಲ.

ವೈದ್ಯರ ಸಲಹೆಯಿಲ್ಲದ ಟೆಸ್ಟೋಸ್ಟಿರೋನ್ ಇಂಜೆಕ್ಷನ್ನಿನಿಂದ ತೀವ್ರ ಹಾನಿಯುಂಟು. ಅದು ಈ ಪ್ರೋಟೀನನ್ನು ಇನ್ನಷ್ಟು ಇಳಿಸುವುದಲ್ಲದೆ ವೀರ್ಯಾಣುಗಳ ಉತ್ಪತ್ತಿಯನ್ನೇ ತಡೆಯುತ್ತದೆ. ಮಕ್ಕಳಿಗಾಗಿ ಕಾದಿರುವ ದಂಪತಿಗಳ ಮನೆಯಲ್ಲಿ ಇದರ ಪರಿಣಾಮ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಪರೀಕ್ಷೆಗೆ ಮುಂಜಾನೆ ಬರಿ ಹೊಟ್ಟೆಯಲ್ಲಿ ರಕ್ತ ಕೊಡಬೇಕು. ಟೆಸ್ಟೋಸ್ಟಿರೋನ್ ಸಂಜೆಯ ಹೊತ್ತಿಗೆ ಇಳಿಯುತ್ತದೆ. ಒಂದೇ ವರದಿಯನ್ನು ನಂಬದೆ ಇನ್ನೊಂದು ದಿನ ಮತ್ತೆ ಮಾಡಿಸಿ, ಸಕ್ಕರೆ, ಥೈರಾಯ್ಡ್, ಯಕೃತ್ತಿನ ವರದಿಗಳನ್ನೂ ಜೊತೆಗಿಟ್ಟು ವೈದ್ಯರಿಗೆ ತೋರಿಸತಕ್ಕದ್ದು.