ನಮ್ಮ ಸಗಣಿ, ಜಪಾನಿನ ಮಾರುಕಟ್ಟೆ: ಮಾರುವ ಮುನ್ನ ಮಾಡಬೇಕಾದ ಲೆಕ್ಕ



ಜಪಾನಿನ ಕಾರು ಕಂಪನಿಗೂ ಮಾರಿಕಣಿವೆ ಸೀಮೆಯ ತಿಪ್ಪೆಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಗುಜರಾತಿನಲ್ಲಿ ಆ ಸಂಬಂಧ ಈಗಾಗಲೇ ಬೆಳೆದಿದೆ. ಸುಜುಕಿ ಕಂಪನಿ 2022ರಲ್ಲಿ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯೊಂದಿಗೆ ಒಪ್ಪಂದ ಮಾಡಿಕೊಂಡಿತು. 2023ರಲ್ಲಿ ಬನಾಸ್ ಡೇರಿಯೂ ಜೊತೆಗೂಡಿತು. ಉತ್ಪಾದಕರ ಸಗಣಿಯಿಂದ ಗ್ಯಾಸ್ ತೆಗೆದು, ಶುದ್ಧ ಮಾಡಿ, ಸಿಎನ್‌ಜಿ ವಾಹನಗಳಿಗೆ ತುಂಬುವುದು ಇದರ ಉದ್ದೇಶ. ಹತ್ತು ಹಸುಗಳ ಒಂದು ದಿನದ ಸಗಣಿ ಒಂದು ಕಾರಿನ ಒಂದು ದಿನದ ಓಡಾಟಕ್ಕೆ ಸಾಕು ಎಂಬುದು ಕಂಪನಿಯ ಲೆಕ್ಕ. ಅದಕ್ಕೂ ಮೊದಲೇ ಬನಾಸ್ ಡೇರಿ ಡೀಸಾ ಬಳಿಯ ದಾಮಾದಲ್ಲಿ ಸ್ವಂತ ಘಟಕ ಕಟ್ಟಿ, ಕಿಲೋ ಸಗಣಿಗೆ ಸುಮಾರು 1 ರೂಪಾಯಿ ಕೊಟ್ಟು ಕೊಳ್ಳುತ್ತಿತ್ತು.

ಇಂಥ ಮಾತು ನಾಳೆ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಸಂಘಗಳಿಗೂ ಬರಬಹುದು. ಬಂದಾಗ ಏನು ಕೇಳಬೇಕು ಎಂಬುದನ್ನು ಈಗಲೇ ತಿಳಿದಿರೋಣ.

ಜಪಾನಿಗೆ ಇದು ಏಕೆ ಬೇಕು?

ಜಪಾನಿನಲ್ಲಿ 1999ರಲ್ಲಿ ಜಾನುವಾರು ತ್ಯಾಜ್ಯದ ಕಾನೂನು ಬಂತು. ಹತ್ತು ಅಥವಾ ಹೆಚ್ಚು ದನ ಸಾಕುವವರು ಸಗಣಿಯನ್ನು ಬಯಲಲ್ಲಿ ರಾಶಿ ಹಾಕುವಂತಿಲ್ಲ. 2004ರಿಂದ ಇದು ಪೂರ್ತಿಯಾಗಿ ಜಾರಿಯಲ್ಲಿದೆ. 2012ರಿಂದ ಜೈವಿಕ ಅನಿಲದ ವಿದ್ಯುತ್ತಿಗೆ ನಿಗದಿತ ದರ ಸಿಗತೊಡಗಿತು. ಹೀಗೆ ಅಲ್ಲಿ ಸಗಣಿ ಘಟಕಗಳಿಗೆ ಮಾರುಕಟ್ಟೆ ಹುಟ್ಟಿತು. ಹೊಕ್ಕೈಡೊ ದ್ವೀಪದ ಶಿಕಾಓಯಿ ಪಟ್ಟಣದಲ್ಲಿ ಹಸುವಿನ ಸಗಣಿಯ ಗ್ಯಾಸಿನಿಂದ ಜಲಜನಕ ಇಂಧನವನ್ನೂ ತೆಗೆಯುತ್ತಿದ್ದಾರೆ.

ಈ ಮಾರುಕಟ್ಟೆಯಲ್ಲಿ ನಮ್ಮ ದೇಶಕ್ಕೆ ಎರಡು ದಾರಿಗಳಿವೆ.

ಮೊದಲನೆಯದು ಯಂತ್ರೋಪಕರಣ. ಹೊಕ್ಕೈಡೊದ ಹಿಮದಲ್ಲಿ ನಮ್ಮ ದೀನಬಂಧು ಮಾದರಿಯ ಗೋಬರ್ ಗ್ಯಾಸ್ ಹಾಗೆಯೇ ನಡೆಯದು. ಅಲ್ಲಿ ತೊಟ್ಟಿಯನ್ನು ಬಿಸಿ ಮಾಡಬೇಕು. ಗ್ಯಾಸ್ ಶುದ್ಧ ಮಾಡುವ, ಬಗ್ಗಡದಿಂದ ನೀರು ಬೇರ್ಪಡಿಸುವ, ಅಳೆಯುವ ಉಪಕರಣಗಳನ್ನು ತಯಾರಿಸುವವರು ಪ್ರಯತ್ನಿಸಬಹುದು. ನಿಮ್ಮ ಮಕ್ಕಳು ಎಂಜಿನಿಯರಿಂಗ್ ಓದಿ ಇಂಥ ಕೆಲಸದಲ್ಲಿದ್ದರೆ ಒಂದು ಮಾತು ಹೇಳಿ: ಅಲ್ಲಿ ಮಾಲು ಮಾರಿದರೆ ಸಾಲದು, ಜಪಾನಿ ಭಾಷೆಯ ಕೈಪಿಡಿ, ಬಿಡಿಭಾಗ, ಅಲ್ಲೇ ಇದ್ದು ದುರಸ್ತಿ ಮಾಡುವ ಪಾಲುದಾರ, ಇವೂ ಬೇಕು.

ಎರಡನೆಯದು ನಮಗೆ ಹತ್ತಿರದ್ದು. ಸಗಣಿ ಹಡಗು ಹತ್ತುವುದಿಲ್ಲ, ಅದರ ಲೆಕ್ಕ ಹತ್ತುತ್ತದೆ. ಗಾಳಿಯಾಡದೆ ಕೊಳೆಯುವ ಸಗಣಿಯಿಂದ ಮೀಥೇನ್ ಏಳುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ. 2013ಕ್ಕೆ ಹೋಲಿಸಿದರೆ 2030ರ ಹೊತ್ತಿಗೆ ಇಂಥ ಅನಿಲಗಳನ್ನು ಶೇ. 46ರಷ್ಟು ತಗ್ಗಿಸುವ ಗುರಿ ಜಪಾನಿನದು. 2025ರ ಆಗಸ್ಟ್‌ನಲ್ಲಿ ಭಾರತ ಮತ್ತು ಜಪಾನ್ ‘ಜಂಟಿ ಕ್ರೆಡಿಟ್ ವ್ಯವಸ್ಥೆ’ಗೆ ಸಹಿ ಹಾಕಿವೆ. ಜಪಾನಿನ ನೆರವಿನಿಂದ ಇಲ್ಲಿ ತಗ್ಗಿದ ಅನಿಲದ ಒಂದು ಪಾಲನ್ನು ಜಪಾನ್ ತನ್ನ ಗುರಿಗೆ ಜಮಾ ಮಾಡಿಕೊಳ್ಳಬಹುದು. ಅಂದರೆ ನಿಮ್ಮ ಕೊಟ್ಟಿಗೆಯ ಸಗಣಿಗೆ ಗ್ಯಾಸ್, ಗೊಬ್ಬರ, ಕ್ರೆಡಿಟ್ ಎಂಬ ಮೂರು ಬೆಲೆಗಳಿವೆ. ಕೊಳ್ಳುವವರು ಯಾವುದಕ್ಕೆ ಹಣ ಕೊಡುತ್ತಿದ್ದಾರೆ ಎಂಬುದು ನಿಮಗೆ ಗೊತ್ತಿರಬೇಕು.

ಮನೆಯ ಲೆಕ್ಕ

ಮಿಶ್ರತಳಿ ಹಸು ದಿನಕ್ಕೆ 10ರಿಂದ 15 ಕಿಲೋ ಸಗಣಿ ಹಾಕುತ್ತದೆ. ನಾಲ್ಕೈದು ರಾಸುಗಳಿದ್ದರೆ 50 ಕಿಲೋ ಸಿಗುತ್ತದೆ. ಇದನ್ನು ಕಿಲೋಗೆ 1 ರೂಪಾಯಿಯಂತೆ ಮಾರಿದರೆ ತಿಂಗಳಿಗೆ 1,500 ರೂಪಾಯಿ. ಅದೇ ಸಗಣಿಯನ್ನು 2 ಘನ ಮೀಟರ್ ಗೋಬರ್ ಗ್ಯಾಸಿಗೆ ಹಾಕಿ ಪೂರ್ತಿ ಬಳಸಿದರೆ ತಿಂಗಳಿಗೆ ಹೆಚ್ಚು ಕಡಿಮೆ ಎರಡು ಸಿಲಿಂಡರಿನಷ್ಟು ಉರುವಲು, ಮೇಲೆ ಬಗ್ಗಡವೂ ನಿಮ್ಮದೇ. ಮಳೆ ಕಡಿಮೆಯಿರುವ ನಮ್ಮ ತೆಂಗು, ಅಡಿಕೆ ತೋಟದ ಕೆಂಪು ಮಣ್ಣಿಗೆ ನೀರು ಹಿಡಿದಿಡುವ ಶಕ್ತಿ ಬರುವುದು ಇಂಥ ಗೊಬ್ಬರದಿಂದಲೇ. ಸಗಣಿ ಪೂರ್ತಿ ಮಾರಿ, ಆ ಹಣದಲ್ಲಿ ಗೊಬ್ಬರದ ಚೀಲ ತಂದರೆ ಲಾಭವೆಲ್ಲಿ?

ಹಾಗೆಂದು ಮಾರಲೇಬಾರದು ಎಂದಲ್ಲ. ಜಮೀನು ಕಡಿಮೆ, ರಾಸು ಹೆಚ್ಚು ಇರುವವರಿಗೆ ಇದು ಒಳ್ಳೆಯ ಆದಾಯ. ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ 1980ರ ದಶಕದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ಕೇಂದ್ರ ಊರೊಟ್ಟಿನ ಗ್ಯಾಸ್ ಘಟಕ ನಡೆಸಿತು. ಅದರಿಂದ ಊರಿಗೆ ದೀಪ, ನೀರು ಬಂದವು. ಸಗಣಿ ಕೊಟ್ಟವರಿಗೆ ಬಗ್ಗಡ ಹಿಂತಿರುಗಿತು. ಆ ಪದ್ಧತಿಯನ್ನು ನಾವು ಮರೆಯಬಾರದು.

ಒಪ್ಪಂದಕ್ಕೆ ಮುನ್ನ ಕೇಳಬೇಕಾದವು

1. ಕೊಟ್ಟ ಸಗಣಿಗೆ ತಕ್ಕಷ್ಟು ಬಗ್ಗಡ ವಾಪಸ್ ಬರುತ್ತದೆಯೇ? ಸಾಗಣೆ ಖರ್ಚು ಯಾರದು?
2. ಬೆಲೆ ತೂಕಕ್ಕೋ, ಗಟ್ಟಿ ಅಂಶಕ್ಕೋ? ಹಾಲಿಗೆ ಫ್ಯಾಟ್ ನೋಡುವಂತೆ ಇಲ್ಲಿಯೂ ಪರೀಕ್ಷೆ ನಿಮ್ಮೆದುರೇ ನಡೆಯಲಿ.
3. ಕ್ರೆಡಿಟ್‌ನಿಂದ ಬರುವ ಹಣದಲ್ಲಿ ಉತ್ಪಾದಕರ ಪಾಲೆಷ್ಟು? ಬರವಣಿಗೆಯಲ್ಲಿ ಇರಲಿ.
4. ಒಪ್ಪಂದ ಒಬ್ಬೊಬ್ಬರಾಗಿ ಬೇಡ, ಸಂಘದ ಮೂಲಕ ಆಗಲಿ. ಬಟವಾಡೆ ಹಾಲಿನ ಹಣದಂತೆಯೇ ಖಾತೆಗೆ ಬರಲಿ.

ಕೊಟ್ಟಿಗೆಯಲ್ಲಿ ಈಗಿನಿಂದಲೇ ಮಾಡಬೇಕಾದ್ದು

ಗ್ಯಾಸ್ ತಯಾರಿಸುವವು ಜೀವಂತ ಸೂಕ್ಷ್ಮಾಣುಗಳು. ಕೆಚ್ಚಲುಬಾವಿಗೆ ಅಥವಾ ಬೇರೆ ಕಾಯಿಲೆಗೆ ಆಂಟಿಬಯಾಟಿಕ್ ಕೊಟ್ಟ ಹಸುವಿನ ಸಗಣಿಯನ್ನು ಕೆಲವು ದಿನ ತೊಟ್ಟಿಗೆ ಹಾಕಬೇಡಿ. ಎಷ್ಟು ದಿನ ಎಂಬುದನ್ನು ಚಿಕಿತ್ಸೆ ಕೊಟ್ಟ ವೈದ್ಯರನ್ನೇ ಕೇಳಿ. ಫಿನಾಯಿಲ್, ಬ್ಲೀಚಿಂಗ್ ಪುಡಿ, ಸೋಪಿನ ನೀರು ಸೇರದಿರಲಿ. ಕಲ್ಲು, ಮಣ್ಣು, ಪ್ಲಾಸ್ಟಿಕ್ ದಾರ ಆರಿಸಿ ತೆಗೆಯಿರಿ. ಚಿಕಿತ್ಸೆಯ ದಿನಾಂಕ, ಔಷಧಿಯ ಹೆಸರು, ದಿನದ ಸಗಣಿಯ ತೂಕವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಹೊರದೇಶದ ಕ್ರೆಡಿಟ್ ವ್ಯವಸ್ಥೆಗಳು ದಾಖಲೆಯಿಲ್ಲದ ಮಾತನ್ನು ಒಪ್ಪುವುದಿಲ್ಲ.

ಮುಂದಿನ ಸಂಘದ ಸಭೆಯಲ್ಲಿ ಈ ನಾಲ್ಕು ಪ್ರಶ್ನೆಗಳನ್ನು ಓದಿ ಚರ್ಚಿಸಿ. ಕಂಪನಿ ಬಂದ ಮೇಲೆ ಲೆಕ್ಕ ಕಲಿಯುವುದಕ್ಕಿಂತ, ಲೆಕ್ಕ ಕಲಿತು ಕಂಪನಿಯನ್ನು ಬರಮಾಡಿಕೊಳ್ಳುವುದು ಲೇಸು.